ಅವಳ ಹೆಸರಿಗೆ ಕೆಂಪು ಗೀಟು

"ನನ್ನ ಹೆಸರಿಗೆ ಗೀಟು ಹೊಡದವ್ರು ಯಾರ್ರಿ?"

ಬಾಗಿಲಲ್ಲೇ ನಿಂತು ಕೊಟ್ರಬಸಮ್ಮ ಕೇಳಿದ ರೀತಿಗೆ ಬಿ.ಕಾಂ. ಕೊನೆ ವರ್ಷದ ಇಡೀ ಕ್ಲಾಸು ಅವಳತ್ತ ತಿರುಗಿತು.

"ನಾನೇ," ಎಂದ ಗುರುಬಸವರಾಜ, ತಲೆ ಎತ್ತದೆ. "ಇವತ್ತಿಂದ ನೀವು ರೋಶನಬಿ ಮೇಡಂ ಗುಂಪಿಗೆ ಹೋಗ್ರಿ."

"ಯಾಕ ಸರ್?"

"ಹೋಗ್ರಿ ಅಂದೆ."

ಸಿಟ್ಟು ಬರುವುದಿಲ್ಲವೇ, ನೀವೇ ಹೇಳಿ! ದಾವಣಗೆರೆಯ ಆಡಿಟ್ ಆಫೀಸಿನ ಈ ಮಹಾಶಯ ಆರು ತಿಂಗಳಿಂದ ಪ್ರತಿ ಶನಿವಾರ ಹಗರಿಬೊಮ್ಮನಹಳ್ಳಿಯ ಕಾಲೇಜಿಗೆ ಬಂದು ಮಕ್ಕಳನ್ನು ನೌಕರಿಗೆ ತಯಾರು ಮಾಡುತ್ತಿದ್ದ. ಮಾರ್ಗದರ್ಶಕರ ಸಹಿ ಬಿದ್ದವರಿಗೆ ಮಾತ್ರ ಸೋಮವಾರ ಅವನ ಆಫೀಸಿನಲ್ಲಿ ಇಂಟರ್‌ವ್ಯೂ. ಮಾಗಳದಿಂದ ಹಡಗಲಿ ಮೇಲೆ ಎರಡು ಬಸ್ಸು ಹತ್ತಿ ಬರುವ ಕೊಟ್ರಬಸಮ್ಮ ಒಂದು ಶನಿವಾರವೂ ತಪ್ಪಿಸಿರಲಿಲ್ಲ. ಅಂಥವಳ ಹೆಸರಿಗೆ, ನೋಟಿಸ್ ಬೋರ್ಡಿನಲ್ಲಿ, ಎಲ್ಲರಿಗೂ ಕಾಣುವಂತೆ ಕೆಂಪು ಗೀಟು!

'ನಾನು ಅಷ್ಟು ದಡ್ಡಿ ಕಂಡ್ನೇನು ಇವನಿಗೆ? ಹೋದ ವಾರ ನನ್ನ ಉತ್ತರ ಕೇಳಿ ನಕ್ಕಿದ್ದ. ಆ ನಗಿ ನೆನೆಸಿ ವಾರಪೂರ್ತಿ ಖುಷಿಯಿಂದ ನಿದ್ದಿಗೆಟ್ಟೆನಲ್ಲ... ನನಗ ಬುದ್ಧಿ ಇಲ್ಲ...'

ಇನ್ನೊಬ್ಬ ಮಾರ್ಗದರ್ಶಕಿ, ನಿವೃತ್ತ ಬ್ಯಾಂಕ್ ಮ್ಯಾನೇಜರ್ ರೋಶನಬಿಯವರ ಮುಂದೆ ಕುಳಿತಾಗಲೂ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು. ಮುಕ್ಕಾಲು ಗಂಟೆ, ಕೇಳಿದ್ದಕ್ಕೆಲ್ಲ ಜಗಳಕ್ಕೆ ನಿಂತವಳಂತೆ ಉತ್ತರ ಕೊಟ್ಟಳು.

ರೋಶನಬಿ ಕನ್ನಡಕ ತೆಗೆದರು. "ಇಷ್ಟು ಸಿಟ್ಟಿನಾಗೂ ಒಂದೂ ತಪ್ಪು ಹೇಳಲಿಲ್ಲಲ್ಲವ್ವ. ನಿನಗ ನೌಕರಿ ಸಿಗಲಿಲ್ಲಂದ್ರ ಇನ್ಯಾರಿಗೆ ಸಿಗಬೇಕು?"

ಸಹಿ ಬಿತ್ತು.

ಆ ಕಾಗದ ಹಿಡಿದು ಅವಳು ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಬಂದಳು. ಗುರುಬಸವರಾಜ ದಾವಣಗೆರೆಗೆ ಮರಳಲು ಹರಪನಹಳ್ಳಿ ಬಸ್ಸಿಗೆ ಕಾಯುತ್ತ ನಿಂತಿದ್ದ.

"ನೋಡ್ರಿ. ನೀವು ಬ್ಯಾಡಂದಾಕಿಗೆ ಸಹಿ ಆಗೈತಿ."

ಓದಿದವನ ಮುಖ ಅರಳಿತು. ಅದನ್ನು ಕಂಡು ಅವಳಿಗೆ ಮೈಯೆಲ್ಲ ಉರಿಯಿತು.

"ನಗಬ್ಯಾಡ್ರಿ. ಯಾಕ ತಗದ್ರಿ, ಮೊದಲು ಅದನ್ನ ಹೇಳ್ರಿ."

"ಆಡಿಟರ್ ಆದಾವ ಯಾರ ಲೆಕ್ಕಕ್ಕ ಸಹಿ ಹಾಕಂಗಿಲ್ಲ?"

"ನನ್ನ ಪರೀಕ್ಷೆ ಮುಗದೈತಿ."

"ಇದೊಂದು ಹೇಳ್ರಿ, ಸಾಕು."

"ತನ್ನವರ ಲೆಕ್ಕಕ್ಕ. ಯಾರ ಮ್ಯಾಲ ಒಲವು ಐತೋ ಅವರ..."

ಅವಳು ತಟ್ಟನೆ ತಲೆ ಎತ್ತಿ ಅವನನ್ನು ನೋಡಿದಳು.

"ಹೋದ ವಾರ ನಿಮ್ಮ ಉತ್ತರದಾಗ ತಪ್ಪು ಹುಡುಕಬೇಕಿತ್ತು ನಾನು. ನಿಮ್ಮ ಮುಖ ನೋಡ್ಕೋತ ಕುಂತೆ." ಅವನು ಕಾಗದವನ್ನು ಅವಳಿಗೆ ವಾಪಸು ಕೊಟ್ಟ. "ನಿಮ್ಮ ಮ್ಯಾಲ ನನಗ ಪ್ರೀತಿ ಐತಿ, ಕೊಟ್ರಬಸಮ್ಮ. ನಾನು ಸಹಿ ಹಾಕಿದ್ರ ನಾಳೆ ಆಫೀಸಿನಾಗ ನಿಮ್ಮನ್ನ 'ಗುರುಬಸವರಾಜನ ಕಡೆಯಾಕಿ' ಅಂತಿದ್ರು. ನೀವು ಪಟ್ಟ ಕಷ್ಟಕ್ಕ ಅದು ಮೋಸ."

ಅವಳ ಕಣ್ಣು ತುಂಬಿದವು. ಆದರೆ ಸಿಟ್ಟು? ಅದು ಇಳಿಯಲಿಲ್ಲ, ಯಾಕೆ ಇಳಿಯಬೇಕು?

"ಕರದು ಹೇಳಬೇಕಿತ್ತು. ಎಲ್ಲರ ಎದುರಿಗೆ ನನ್ನ ಮಾನ ಕಳದ್ರಲ್ಲ... ಇಡೀ ಕ್ಲಾಸು ನನ್ನ ದಡ್ಡಿ ಅಂದ್ಕಂತು."

"ತಪ್ಪಾತು. ಬರೋ ಶನಿವಾರ ಎಲ್ಲರ ಎದುರಿಗೇ ಹೇಳ್ತೀನಿ, ತಪ್ಪು ನಂದು ಅಂತ."

ಹರಪನಹಳ್ಳಿ ಬಸ್ಸು ಬಂತು, ಹೋಯಿತು. ಅವನು ಹತ್ತಲಿಲ್ಲ.

"ಇನ್ನ ನಿಮ್ಮನ್ನ ಸರ್ ಅನ್ನಂಗಿಲ್ಲ ನಾನು," ಎಂದಳು, ಕಣ್ಣೊರೆಸಿಕೊಂಡು.

"ಮತ್ತೇನಂತೀರಿ?"

"ಸಿಟ್ಟು ಇಳಿದ ಮ್ಯಾಲ ಹೇಳ್ತೀನಿ."

"ಯಾವಾಗ ಇಳೀತೈತಿ?"

ಅವಳು ಬೆಂಚಿನ ಮೇಲೆ ಕುಳಿತು, ತನ್ನ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಜಾಗ ಮಾಡಿದಳು.

"ಹಡಗಲಿ ಬಸ್ಸಿಗೆ ಇನ್ನ ಟೈಮೈತಿ. ಕುಂದರ್ರಿ, ನೋಡೋಣ."