ನಾನೂರ ಹನ್ನೆರಡು ಹೆಸರು

"ಗಾದ್ರಪ್ಪ, ಉಬ್ರಾಣಿ. ಉಚ್ಚಂಗೆಮ್ಮ, ಜಗಳೂರು. ಚಿತ್ತಪ್ಪ..."

"ಅಪ್ಪಾ, ತಡೀ! ಉಚ್ಚಂಗೆಮ್ಮನ ಹೆಸರು ಇದರಾಗೆ ಬಂದೇ ಇಲ್ಲ!"

ಕೊಟ್ರಮ್ಮ ಪೆನ್ಸಿಲ್ ಬಿಸಾಕಿದಳು. ಅಪ್ಪ ನೋಟ್‌ಬುಕ್ ಹಿಡಿದು ಹೆಸರು ಹೇಳುವುದು, ಅವಳು ಪ್ರಿಂಟಾದ ಹಾಳೆಯಲ್ಲಿ ಗುರುತು ಹಾಕುವುದು. ಶನಿವಾರದ ಬೆಳಗಿನ ಸ್ಕೂಲು ಮುಗಿಸಿ ಬಂದಾಗಿನಿಂದ ಇದೇ ಗೋಳು. ನಾಳೆ ನ್ಯಾಮತಿಯಲ್ಲಿ ಕಣ್ಣಿನ ಕ್ಯಾಂಪ್. ನಾನೂರ ಹನ್ನೆರಡು ಜನರ ಪಟ್ಟಿ ಇವತ್ತೇ ಪ್ರಿಂಟ್ ಆಗಬೇಕು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಡಾಕ್ಟರು ನೋಡುವುದಿಲ್ಲ. ಪಕ್ಕದ ಮನೆಯ ದ್ಯಾಮಜ್ಜಿಗೆ ಎರಡು ವರ್ಷದಿಂದ ಎಲ್ಲಾ ಮಂಜುಮಂಜು. ಪ್ರಿಂಟಿನಲ್ಲಿ ಅವಳ ಹೆಸರೂ ಮಾಯ!

ಆಗ ಹೊನ್ನಾಳಿ ತಾಲ್ಲೂಕಿಗೆಲ್ಲಾ ಹುಡುಕಿದರೂ ಎರಡೋ ಮೂರೋ ಕಂಪ್ಯೂಟರ್. ಅದರಲ್ಲೊಂದು ಅಪ್ಪ ಮುರುಗೇಶಪ್ಪನ ಅಂಗಡಿಯಲ್ಲಿತ್ತು. ಹೋದ ವಾರ ಹಳೇದನ್ನು ಕೊಟ್ಟು ಹೊಸದು ತಂದಿದ್ದ. ಪ್ರೋಗ್ರಾಮು, ಪ್ರಿಂಟರು ಮಾತ್ರ ಹಳೇವೇ. ಈಗ ನೋಡಿದರೆ ಪ್ರಿಂಟಿನಲ್ಲಿ ಸಾಲುಸಾಲೇ ಗುಳುಂ. ಕಂಪ್ಯೂಟರ್ ಕಳಿಸುವ ವೇಗ ತಗ್ಗಿಸಿದರೆ ಆಮೆ ನಡಿಗೆ; ಆರಕ್ಕೆ ಕರೆಂಟ್ ಬೇರೆ ಹೋಗುತ್ತದೆ.

ಅಪ್ಪ ಮತ್ತೆ ಗಡಗಡ ಹೆಸರು ಹೇಳಲು ಶುರುಮಾಡಿದ. ಕೊಟ್ರಮ್ಮನಿಗೆ ಅಳುವೇ ಬಂತು.

"ನಾನು ಹೂಂ ಅಂದಮೇಲೆ ಮುಂದಿನದು ಹೇಳಪ್ಪಾ! ಕತೆ ಕೇಳುವಾಗ ಹೂಂ ಅನ್ನದಿದ್ರೆ ದ್ಯಾಮಜ್ಜಿ ಮುಂದಕ್ಕೆ ಹೋಗ್ತಾಳಾ?"

ಅಪ್ಪ ಗಕ್ಕನೆ ನಿಂತ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವಿನ ಕೇಬಲ್ ಕಿತ್ತು ಬಿಚ್ಚಿದ.

"ಪ್ರಿಂಟರ್ ಹೂಂ ಅನ್ನಾಕೆ ಇಲ್ಲಿ ತಂತೀನೇ ಇಲ್ಲವ್ವಾ! ಹಳೇ ಕಂಪ್ಯೂಟರ್ ನಿಧಾನಕ್ಕೆ ಕಳಿಸ್ತಿತ್ತು, ನಡೀತಿತ್ತು. ಇದು ಒಂದೇ ಸಮ ಸುರೀತೈತೆ. ಪಾಪ, ಅದು ಹೆಂಗೆ ಹಿಡೀತೈತೆ?"

ಇನ್ನೊಂದು ತಂತಿ ಬೆಸೆಯಲು ಕೂತ. ಬೆಸುಗೆ ಕಡ್ಡಿ ಮೂರು ಸಲ ಗುರಿ ತಪ್ಪಿತು. "ಹಾಳಾದ್ದು, ಬೆಳಕು ಸಾಲದು," ಅಂದ. ಬಾಗಿಲಿನ ಬಿಸಿಲು ಮೇಜಿನ ಮೇಲೇ ಬಿದ್ದಿತ್ತು. ಕೊನೆಗೆ ಕೊಟ್ರಮ್ಮನೇ ಕೈ ಹಿಡಿದು ಜಾಗ ತೋರಿಸಿದಳು.

ಪ್ರಿಂಟರು ಹೂಂ ಅನ್ನುವ ತನಕ ಕಾಯಬೇಕು ಅಂತ ಕಂಪ್ಯೂಟರಿಗೂ ಬೆರಳಿನ ಅಭ್ಯಾಸದಲ್ಲೇ ಒಂದು ಸಾಲು ಬರೆದು ಅಪ್ಪ ಗುಂಡಿ ಒತ್ತಿದ. ಪ್ರಿಂಟರು ಕರಕರ ಅಂದಿತು, ನಿಂತಿತು, ಮತ್ತೆ ಕರಕರ ಅಂದಿತು. ಐದೂವರೆಗೆ ಎಲ್ಲಾ ಹಾಳೆ ಹೊರಬಂದವು. ಉಚ್ಚಂಗೆಮ್ಮ ಇದ್ದಳು, ದ್ಯಾಮಜ್ಜಿಯೂ ಇದ್ದಳು. ಕೊನೆಯ ನಂಬರು ನಾನೂರ ಹನ್ನೆರಡು.

ಅಪ್ಪ ಕೊನೆಯ ಹಾಳೆಯನ್ನು ಕೈಯುದ್ದ ದೂರ ಹಿಡಿದ, ಹತ್ತಿರ ತಂದ, ಮೇಜಿನ ಮೇಲಿಟ್ಟ. "ನೀನೇ ಓದವ್ವಾ. ನನಗೆ ಸುಸ್ತಾಗೈತೆ."

ಕೊಟ್ರಮ್ಮ ಅವನನ್ನೇ ನೋಡಿದಳು. ಊರೂರು ತಿರುಗಿ ಹೆಸರು ಬರೆದುಕೊಂಡು ಬಂದವನು ಅಪ್ಪನೇ. ಹಾಗಾದರೆ ಮಧ್ಯಾಹ್ನವೆಲ್ಲಾ ಅವನು ನೋಟ್‌ಬುಕ್ ಓದುತ್ತಿರಲಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದ.

ಅವಳು ಪೆನ್ನು ತಗೊಂಡು ಪಟ್ಟಿಯ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಳು: ೪೧೩. ಮುರುಗೇಶಪ್ಪ, ನ್ಯಾಮತಿ.

"ಅದೇನವ್ವಾ ಬರೆದೆ?" ಅಂದ ಅಪ್ಪ.

ಹಾಳೆ ಅವನ ಮುಂದೆಯೇ ಇತ್ತು.