ಬೆಂಬಲಿಸುವವರು ಯಾರು?

"ಇದು ನಮ್ಮ ದೇಶದ ಕುರ್ಚಿ," ಎಂದಳು ವಕೀಲೆ.

ಕುರ್ಚಿಯಲ್ಲಿದ್ದವನು ತಲೆಯೆತ್ತಲಿಲ್ಲ. ಮೇಜಿನಡಿ ಬಗ್ಗಿ ಪ್ಲಗ್ಗಿನೊಂದಿಗೆ ಗುದ್ದಾಡುತ್ತಿದ್ದ.

"ದೇಶಕ್ಕೆ ನನ್ನಿಂದ ಅಪಾಯವಿಲ್ಲ ಮೇಡಂ. ಫೋನ್ ಕೊನೆಯುಸಿರು ಎಳೀತಾ ಇದೆ. ಹಿಂದಿನ ಸಾಲಿನೋರಿಗೆ ಕರೆಂಟೇ ಕೊಟ್ಟಿಲ್ಲ."

ಹಿಂದಿನ ಸಾಲು ವೀಕ್ಷಕರದ್ದು. ವಿಷರಾಸಾಯನಿಕಗಳ ಒಪ್ಪಂದದ ಬಗ್ಗೆ ಸರ್ಕಾರಗಳೆಲ್ಲ ಮಾತಾಡಿ ಮುಗಿಸಿದ ಮೇಲೆ, ಹೊತ್ತು ಉಳಿದರೆ ಅವರ ಸರದಿ. ಇವನು ಅಗ್ನಿಶಾಮಕರ ಸಂಘದಿಂದ ಬಂದವನು. ಎಲ್ಲರೂ ಕ್ಯಾಪ್ಟನ್ ಎನ್ನುತ್ತಿದ್ದರು. ಏಳುವಾಗ ಅವನ ಮೊಣಕಾಲು ಮೇಜಿಗೆ ಬಡಿಯಿತು. ಅವಳು ನಗು ಅದುಮಿಕೊಂಡಳು. ಅದನ್ನು ನೋಡಿಯೂ ನೋಡದವನಂತೆ ಅವನು ತಂತಿ ಸುತ್ತತೊಡಗಿದ.

"ಫೋನ್ ಇಲ್ಲೇ ಇರಲಿ. ಊಟದ ಹೊತ್ತಿಗೆ ಬಂದು ತಗೊಳ್ಳಿ."

"ಸರ್ಕಾರದ ಆಶ್ವಾಸನೆಯಾ?"

"ಅಲ್ಲ, ನನ್ನದು."

"ಹಾಗಾದರೆ ನಂಬಬಹುದು."

ಅಂದಿನಿಂದ ಆ ಫೋನು ದಿನವೂ ಅವಳ ಮೇಜಿಗೆ ಬಂತು. ಒಂದು ದಿನ ನೋಡಿದರೆ ಅದು ಮೊದಲೇ ಪೂರ್ತಿ ಚಾರ್ಜ್ ಆಗಿತ್ತು. ಆದರೂ ಅವಳು ಪ್ಲಗ್ಗಿಗೆ ಹಾಕಿದಳು.

ಕ್ಯಾಂಟೀನಿನಲ್ಲಿ ಅವನು ತನ್ನ ಜಗಳದ ಕಥೆ ಹೇಳಿದ. ಬೆಂಕಿ ಆರಿಸುವ ನೊರೆಯ ಕಥೆ.

"ಟ್ರೇನಿಂಗ್‌ನಲ್ಲಿ ಅದು ಸೋಪು ಅಂದುಕೊಂಡು ಒಬ್ಬರ ಮೇಲೊಬ್ಬರು ಎರಚಾಡ್ತಿದ್ವಿ. ಅದು ಕೊಳೆಯಲ್ಲ, ಕರಗಲ್ಲ. ಮಣ್ಣಿಗೆ ಹೋಯ್ತು, ಬಾವಿಗೆ ಹೋಯ್ತು, ಆಮೇಲೆ ನಮ್ಮೊಳಗೇ ಬಂದು ಕೂತಿತು. ಒಕ್ಕಲೆಬ್ಬಿಸೋಕಾಗದ ಬಾಡಿಗೆದಾರ. ನಮ್ಮ ಬ್ಯಾಚಿನವರನ್ನ ನೋಡಬೇಕಾದರೆ ಈಗ ಆಸ್ಪತ್ರೆಗೆ ಹೋಗಬೇಕು. ಕೆಲವರನ್ನ ಅಲ್ಲೂ ನೋಡೋಕಾಗಲ್ಲ."

"ನಿಮ್ಮ ದೇಶ ನಿಲ್ಲಿಸಿಬಿಟ್ಟರೆ ಸಾಲದಾ?"

"ನದಿಗೆ ಪಾಸ್‌ಪೋರ್ಟ್ ಕೇಳ್ತೀರಾ ವಕೀಲರೇ?"

ಒಪ್ಪಂದದ ಕರಡಿನಲ್ಲಿ ಆ ನೊರೆಯ ನಿರ್ಮೂಲನೆ ಎಂದೇ ಇತ್ತು. ಆದರೆ ಕೆಳಗೊಂದು ಸಣ್ಣ ಸಾಲು: 'ತರಬೇತಿಗೆ ವಿನಾಯಿತಿ.' ಅವಳ ನಿಯೋಗದ ಮುಖ್ಯಸ್ಥರು ಮೊದಲೇ ಎಚ್ಚರಿಸಿದ್ದರು. "ಆ ಸಾಲಿನ ತಂಟೆ ನಮಗೆ ಬೇಡ. ತುಟಿ ಬಿಚ್ಚಬಾರದು ಅಂತ ಮೇಲಿನವರು ಹೇಳಿದಾರೆ." ಮುಖ್ಯಸ್ಥರು ಕೆಟ್ಟವರಲ್ಲ. ಸಭಾಂಗಣದ ಎಸಿ ಕೊರೆಯತೊಡಗಿದರೆ ತಮ್ಮ ಕೋಟು ತೆಗೆದು ಅವಳ ಕುರ್ಚಿಯ ಬೆನ್ನಿಗೆ ಹಾಕುತ್ತಿದ್ದರು.

ಕ್ಯಾಪ್ಟನ್ನನ ಸರದಿ ಬಂದಾಗ ಸಭೆ ಆಕಳಿಸುತ್ತಿತ್ತು.

"ಆ ಸಣ್ಣ ಸಾಲು ಹೊಡೆದುಹಾಕಿ," ಎಂದ ಅವನು. "ಅಭ್ಯಾಸಕ್ಕೆ ಬೇರೆ ನೊರೆ ಇದೆ, ನೀರಿದೆ. ನಿಜವಾದ ಬೆಂಕಿಯಲ್ಲಿ ಸತ್ತರೆ ಸಾಯ್ತೀವಿ, ಅದು ನಮ್ಮ ಕೆಲಸ. ಅಭ್ಯಾಸ ಮಾಡಿ ಸಾಯೋದು ನಮ್ಮ ಕೆಲಸ ಅಲ್ಲ."

ಅಧ್ಯಕ್ಷರು ಕನ್ನಡಕ ಸರಿಪಡಿಸಿಕೊಂಡರು. "ವೀಕ್ಷಕರ ಸಲಹೆಯನ್ನು ಒಂದು ದೇಶವಾದರೂ ಬೆಂಬಲಿಸದಿದ್ದರೆ ಅದು ಕರಡಿಗೆ ಸೇರುವುದಿಲ್ಲ. ಬೆಂಬಲಿಸುವವರು ಯಾರು?"

ಯಾರೂ ಅಲುಗಲಿಲ್ಲ. ಮಾತು ಬೇಕಾದವರು ಮುಂದಿರುವ ದೇಶದ ಫಲಕವನ್ನು ಎತ್ತಿ ನಿಲ್ಲಿಸಬೇಕು, ಅಷ್ಟೇ. ಹಿಂದಿನ ಸಾಲಿನಲ್ಲಿ ನಿಂತಿದ್ದ ಅವನು ಅವಳ ಕಡೆ ನೋಡಲಿಲ್ಲ. ಅವಳನ್ನು ಸಿಕ್ಕಿಸಬಾರದೆಂದೇ ಕಷ್ಟಪಟ್ಟು ಗೋಡೆ ನೋಡುತ್ತಿದ್ದ. ಅದನ್ನೇ ಅವಳಿಗೆ ತಡೆದುಕೊಳ್ಳಲಾಗಲಿಲ್ಲ.

ಅವಳು ಕೈ ಚಾಚುವ ಮೊದಲೇ ಮುಖ್ಯಸ್ಥರ ಅಂಗೈ ಫಲಕದ ಮೇಲಿತ್ತು.

"ಬೇಡಮ್ಮ. ಕೆಲಸ ಹೋಗತ್ತೆ."

"ಹೋಗಲಿ ಸರ್. ಈ ನೊರೆ ನಿರ್ಮೂಲನೆ ಆಗಬೇಕು ಅಂತ ನಮ್ಮ ಸಂಸತ್ತೇ ಮೊದಲೇ ನಿರ್ಣಯ ಮಾಡಿದೆ. ಈ ಮೇಲಿನವರು ಅದಕ್ಕಿಂತ ಮೇಲಾ?"

ಅವರು ಕೈ ತೆಗೆಯಲಿಲ್ಲ. ಒತ್ತಿ ಹಿಡಿಯಲೂ ಇಲ್ಲ. ಅವಳು ಫಲಕವನ್ನು ಮೆಲ್ಲಗೆ ಎಳೆದು ನೆಟ್ಟಗೆ ನಿಲ್ಲಿಸಿದಳು.

"ನಾವು ಬೆಂಬಲಿಸುತ್ತೇವೆ," ಎಂದಳು ಮೈಕಿನಲ್ಲಿ. ಎದುರು ಸಾಲಿನಲ್ಲಿ ಇನ್ನೊಂದು ಫಲಕ ಎದ್ದಿತು. ಅದರಾಚೆ ಮತ್ತೊಂದು.

ಸಂಜೆಯೊಳಗೆ ಅವಳಿಗೆ ಅವಳ ಸರ್ಕಾರದಿಂದ ಆದೇಶ ಬಂತು: ನಾಳೆಯೇ ಹೊರಟು ಬಾ. ಕಾರಿಡಾರಿನಲ್ಲಿ ಅವನು ಎರಡು ಕಾಫಿ ಲೋಟ ಹಿಡಿದು ಕಾಯುತ್ತಿದ್ದ.

"ನನಗೋಸ್ಕರ ಮಾಡಿದಿರಾ?"

"ಎಷ್ಟು ಜಂಬ ನೋಡಿ. ಅದು ಒಪ್ಪಂದಕ್ಕೋಸ್ಕರ. ನಿಮಗೋಸ್ಕರ ಮಾಡಿದ್ದು ಬೇರೆ."

"ಏನದು?"

"ತುಂಬಿದ ಫೋನಿಗೆ ಚಾರ್ಜ್ ಹಾಕಿದ್ದು."

ಅವನ ಕಿವಿ ಕೆಂಪಾಯಿತು. ಆಮೇಲೆ ಮುಖದ ನಗು ಮೆಲ್ಲಗೆ ಇಳಿಯಿತು.

"ನಾನು ಯಾರನ್ನೂ ಹತ್ತಿರ ಬಿಟ್ಟುಕೊಂಡವನಲ್ಲ. ನನ್ನ ರಕ್ತದಲ್ಲೂ ಆ ನೊರೆಯ ವಿಷ ಇದೆ, ಬೇಕಾದಷ್ಟಿದೆ. ಯಾವತ್ತು ಏನು ಮಾಡುತ್ತೋ ಡಾಕ್ಟರಿಗೂ ಗೊತ್ತಿಲ್ಲ. ನನ್ನನ್ನು ನಂಬಿ ನೀವು ಏನಂತ..."

"ನನ್ನ ರಕ್ತದಲ್ಲೂ ಇದೆ. ಲೋಕದ ನೀರಿಗೆಲ್ಲ ಸೇರಿಹೋಗಿರೋ ವಿಷ ಅದು, ಈ ಕಾರಿಡಾರಿನಲ್ಲಿ ಅದಿಲ್ಲದವರು ಯಾರಿದ್ದಾರೆ?"

"ನನಗೆ ಜಾಸ್ತಿ."

"ಇರಲಿ. ನಿಮ್ಮ ಗೆಳೆಯರನ್ನ ತಗೊಂಡಿತು, ಬಾವಿ ತಗೊಂಡಿತು. ಈಗ ನಮ್ಮಿಬ್ಬರ ನಡುವಿನ ಇದನ್ನೂ ನಾವಾಗಿ ಅದಕ್ಕೆ ಒಪ್ಪಿಸಿಬಿಡಬೇಕಾ? ನಾನು ಕೊಡಲ್ಲ. ನೀವು ನನಗೆ ಇಷ್ಟ. ಹೆದರಿಸೋದಾದರೆ ಬೇರೆ ಏನಾದರೂ ಹುಡುಕಿ."

ಅವನ ಎರಡೂ ಕೈಯಲ್ಲಿ ಲೋಟಗಳಿದ್ದವು. ಅವಳು ಒಂದೊಂದಾಗಿ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಅವನ ಕೈ ಹಿಡಿದಳು.

ಸಭಾಂಗಣದ ಬಾಗಿಲು ತೆರೆಯಿತು. ದೇಶ ದೇಶದವರು ಹೊರಬಂದು, ನಿಂತು ನೋಡಿದರು. ಅವಳು ಕೈ ಬಿಡಲಿಲ್ಲ.