ಅವಳ ಮಗ್ಗುಲಿನ ಸೆನ್ಸರ್

ನನ್ನವಳು ಒಬ್ಬಳೇ ಎದ್ದು ಬಿದ್ದಾಳೆಂದು ಮಗಳು ಹಾಸಿಗೆಯಲ್ಲಿ ಅವಳ ಮಗ್ಗುಲಿಗೆ ಸೆನ್ಸರ್ ಹಾಕಿಸಿದ್ದಳು. ಮಲಗಿದವರು ಎದ್ದರೆ ಅದು ಕೂಗುತ್ತದೆ, ಮತ್ತೆ ಮಲಗಿದರೆ ಸುಮ್ಮನಾಗುತ್ತದೆ. ಅವಳು ತೀರಿಕೊಂಡ ಮೇಲೂ ಅದನ್ನು ತೆಗೆಯಲು ನನಗೆ ಮನಸ್ಸಾಗಲಿಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ, ಉಂಡ ಒಂದೇ ತಟ್ಟೆಯನ್ನು ತೊಳೆಯುತ್ತಿದ್ದೆ. ಆ ಹಾಳಾದ್ದು ಕೂಗಿತು. ಅಭ್ಯಾಸಬಲ, ಅಡುಗೆಮನೆಯಿಂದಲೇ ಬಾಯಿಗೆ ಬಂದುಬಿಟ್ಟಿತು: "ಏಳ್ಬೇಡ ಕಣೇ, ಬಂದೆ. ಮಲಕ್ಕೋ."

ಕೂಗು ನಿಂತಿತು.

ಒದ್ದೆಗೈಯಲ್ಲೇ ಹೋಗಿ ನೋಡಿದೆ. ಕೋಣೆಯಲ್ಲಿ ಯಾರೂ ಇರಲಿಲ್ಲ. ಅವಳ ದಿಂಬು ಮಾತ್ರ ಬೆಚ್ಚಗಿತ್ತು.

ಮಗಳಿಗೆ ಫೋನ್ ಮಾಡಿದೆ. "ಕೆಟ್ಟೋಗಿರ್ಬೇಕು, ಪ್ಲಗ್ ತೆಗೆದ್ಬಿಡಪ್ಪ," ಎಂದಳು.

ತೆಗೆದಿಲ್ಲ. ನನ್ನ ಮಗ್ಗುಲಿನ ಅಂಚಿಗೆ ಸರಿದು ಮಲಗುತ್ತೇನೆ. ಅಂದಿನಿಂದ ಅದು ಒಂದು ಸಲವೂ ಕೂಗಿಲ್ಲ.